ಮನೆ ಎಲ್ಲೋ ಶಾಲೆ ಅಲ್ಲೇ: ಅಮೆರಿಕದ ಸಮಾನ ವಸತಿ ಸಂಸ್ಥೆಗಳ ಅರವತ್ತು ವರ್ಷ

ನ್ಯೂಜೆರ್ಸಿಯಲ್ಲಿ ಮನೆ ಕೊಳ್ಳಲು ಹೊರಟ ಕನ್ನಡಿಗ ದಂಪತಿ ಬ್ರೋಕರನ್ನು ಮೊದಲು ಕೇಳುವುದು ಸ್ಕೂಲ್ ಡಿಸ್ಟ್ರಿಕ್ಟ್ ಹೇಗಿದೆ ಎಂದು. ಕೋಣೆಗಳೆಷ್ಟು, ಅಡುಗೆಮನೆ ಎಷ್ಟು ದೊಡ್ಡದು ಎಂಬ ವಿಚಾರಣೆಯೆಲ್ಲ ಆಮೇಲೆ. ಅವರ ಲೆಕ್ಕ ಸರಿಯಾಗಿಯೇ ಇದೆ. ಅಮೆರಿಕದ ಸರ್ಕಾರಿ ಶಾಲೆಗೆ ಸಾಮಾನ್ಯವಾಗಿ ಆ ಡಿಸ್ಟ್ರಿಕ್ಟಿನ ಗಡಿಯೊಳಗೆ ವಾಸವಿರುವವರ ಮಕ್ಕಳಿಗಷ್ಟೇ ಪ್ರವೇಶ. ಶಾಲೆಗಳಿಗೆ ಸಲ್ಲುವ ಹಣದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸ್ಥಳೀಯವಾಗಿಯೇ ಏಳುತ್ತದೆ, ಅದರಲ್ಲೂ ಬಹುಪಾಲು ಬರುವುದು ಆಸ್ತಿ ತೆರಿಗೆಯಿಂದ. ಒಳ್ಳೆಯ ಶಾಲೆ ಇರುವಲ್ಲಿ ಮನೆಗೆ ಬೆಲೆ. ಬೆಲೆಬಾಳುವ ಮನೆಗಳಿರುವಲ್ಲಿ ಶಾಲೆಗೆ ಹಣ. ಈ ಸುತ್ತಿನೊಳಗೆ ಒಮ್ಮೆ ಸೇರಿಕೊಂಡ ಕುಟುಂಬ ಎರಡು ತಲೆಮಾರು ನೆಮ್ಮದಿಯಿಂದ ಬದುಕುತ್ತದೆ. ಸೇರಲು ಬಿಡದೆ ಹೊರಗೆ ನಿಲ್ಲಿಸಲ್ಪಟ್ಟ ಕುಟುಂಬ ಅಷ್ಟೇ ಕಾಲ ಹೊರಗೇ ಉಳಿಯುತ್ತದೆ.

ಹೊರಗೆ ನಿಲ್ಲಿಸಿದ್ದು ಬರಿಯ ಬಡತನವಲ್ಲ. ಕಪ್ಪು ಜನರನ್ನು ಹೆಸರಿಟ್ಟು ಹೊರಗಿಟ್ಟದ್ದು ಸರ್ಕಾರ, ಬ್ಯಾಂಕು, ಬ್ರೋಕರು, ನೆರೆಹೊರೆ ಎಲ್ಲ ಕೂಡಿ. ಆ ಕಟ್ಟನ್ನು ಬಿಚ್ಚುವ ಕೆಲಸದಲ್ಲಿ 1960ರ ದಶಕದಿಂದ ಈಚೆಗೆ ನೂರಾರು ಸ್ವಯಂಸೇವಾ ಸಂಸ್ಥೆಗಳು ತೊಡಗಿವೆ. ಕೆಲವು ದಾವೆ ಹೂಡಿದವು, ಕೆಲವು ಮನೆ ಕಟ್ಟಿದವು, ಕೆಲವು ಕುಟುಂಬಗಳನ್ನು ಕೈಹಿಡಿದು ಹೊಸ ಊರಿಗೆ ಕರೆದೊಯ್ದವು. ಇವನ್ನು ಮುನ್ನಡೆಸಿದವರು ಏನು ಮಾಡಿದರು, ಎಲ್ಲಿ ಗೆದ್ದರು, ಎಲ್ಲಿ ಸೋತರು ಎಂದು ಒಟ್ಟಾಗಿ ನೋಡಿದಾಗ ನನಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಮನೆಯನ್ನೂ ಶಾಲೆಯನ್ನೂ ಒಂದೇ ಪ್ರಶ್ನೆಯಾಗಿ ಹಿಡಿದು, ತೀರ್ಪು ಬಂದ ಮೇಲೂ ಇಪ್ಪತ್ತು ಮೂವತ್ತು ವರ್ಷ ಅದರ ಬೆನ್ನು ಬಿಡದೆ ನಿಂತ ಸಂಸ್ಥೆಗಳಿಂದಲೇ ಬಾಳುವ ಕೆಲಸ ಆಗಿದೆ. ಅಂಥವು ಕಡಿಮೆ. ಯಾಕೆ ಕಡಿಮೆ ಎಂಬುದೇ ಇಲ್ಲಿ ವಿಚಾರಿಸಬೇಕಾದದ್ದು.

ಮೊದಲು ಬೇರ್ಪಡಿಕೆ ಹೇಗಾಯಿತು ಎಂದು ತಿಳಿಯಬೇಕು. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಗೃಹಸಾಲಗಳಿಗೆ ಸರ್ಕಾರದ ಖಾತರಿ ಕೊಡತೊಡಗಿತು. ಕೂಲಿ ನೌಕರಿ ಮಾಡುವವರೂ ಕಂತಿನ ಮೇಲೆ ಸ್ವಂತ ಮನೆ ಮಾಡಿಕೊಳ್ಳಲು ಸಾಧ್ಯವಾದದ್ದು ಈ ಖಾತರಿಯಿಂದ. ಆದರೆ ಕಪ್ಪು ಜನ ಇರುವ ಬಡಾವಣೆಗೆ ಖಾತರಿ ಇಲ್ಲ ಎಂಬುದು ಅದರ ಕೈಪಿಡಿಯ ನೀತಿಯಾಗಿತ್ತು. ಅದೇ ಕಾಲದ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ನಗರಗಳ ನಕ್ಷೆ ಬರೆಸಿ, ಕಪ್ಪು ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು. ಆ ನಕ್ಷೆಗಳನ್ನು ಬ್ಯಾಂಕುಗಳು ಎಷ್ಟರಮಟ್ಟಿಗೆ ಬಳಸಿದವು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆ ಇದೆ. ಖಾತರಿ ನಿರಾಕರಣೆಯ ಬಗ್ಗೆ ಚರ್ಚೆಯಿಲ್ಲ. ಇದರ ಜೊತೆಗೆ ಕ್ರಯಪತ್ರದಲ್ಲೇ ಬಿಳಿಯರಲ್ಲದವರಿಗೆ ಮಾರತಕ್ಕದ್ದಲ್ಲ ಎಂಬ ಷರತ್ತು ಬರೆಸುತ್ತಿದ್ದರು. ಪಶ್ಚಿಮ ಕರಾವಳಿಯ ಅನೇಕ ಪತ್ರಗಳಲ್ಲಿ ಈ ಷರತ್ತು ಏಷ್ಯಾದವರಿಗೂ ಅನ್ವಯಿಸುತ್ತಿತ್ತು. 1948ರಲ್ಲಿ ಸುಪ್ರೀಂ ಕೋರ್ಟು, ಶೆಲ್ಲಿ ಪ್ರಕರಣದಲ್ಲಿ, ಇಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದಿತು. ಬೇರ್ಪಡಿಕೆ ನಿಲ್ಲಲಿಲ್ಲ. 1957ರಲ್ಲಿ ಪೆನ್ಸಿಲ್ವೇನಿಯಾದ ಲೆವಿಟೌನ್ ಬಡಾವಣೆಗೆ ವಿಲಿಯಂ ಮತ್ತು ಡೇಸಿ ಮೈಯರ್ಸ್ ಎಂಬ ಕಪ್ಪು ದಂಪತಿ ಮಕ್ಕಳೊಂದಿಗೆ ಬಂದಾಗ ಜನ ಮನೆಮುಂದೆ ಗುಂಪುಗೂಡಿ ಕಲ್ಲು ತೂರಿದರು.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಒಂದು ವಾರದಲ್ಲಿ, ಏಪ್ರಿಲ್ 11ರಂದು, ಫೇರ್ ಹೌಸಿಂಗ್ ಕಾಯ್ದೆಗೆ ಅಂಕಿತ ಬಿತ್ತು. ಮನೆ ಮಾರುವಲ್ಲಿ, ಬಾಡಿಗೆಗೆ ಕೊಡುವಲ್ಲಿ ಬಣ್ಣ ನೋಡುವುದು ಕಾನೂನುಬಾಹಿರವಾಯಿತು. ಆದರೆ ಕಾಯ್ದೆಯನ್ನು ಜಾರಿ ಮಾಡಬೇಕಾದ ಫೆಡರಲ್ ವಸತಿ ಇಲಾಖೆಗೆ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವುದಕ್ಕಿಂತ ಹೆಚ್ಚಿನ ಅಧಿಕಾರವಿರಲಿಲ್ಲ. ಅದಕ್ಕೆ ಹಲ್ಲು ಬಂದದ್ದು 1988ರ ತಿದ್ದುಪಡಿಯಲ್ಲಿ. ಈ ಇಪ್ಪತ್ತು ವರ್ಷ ಕಾಯ್ದೆಯನ್ನು ಜೀವಂತ ಇಟ್ಟವರು ಖಾಸಗಿ ಸಂಸ್ಥೆಗಳವರು.

ಶಾಲೆಯ ಕಡೆ ನೋಡಿದರೆ ಬಾಗಿಲು ಇನ್ನೂ ಗಟ್ಟಿಯಾಗಿ ಮುಚ್ಚಿತು. 1973ರಲ್ಲಿ ಟೆಕ್ಸಾಸ್‌ನ ಎಜ್‌ವುಡ್ ಡಿಸ್ಟ್ರಿಕ್ಟಿನ ತಂದೆ ಡಿಮೆಟ್ರಿಯೊ ರಾಡ್ರಿಗಸ್, ಆಸ್ತಿ ತೆರಿಗೆಯನ್ನು ನೆಚ್ಚಿದ ಶಾಲಾ ವ್ಯವಸ್ಥೆಯೇ ಅಸಮಾನ ಎಂದು ವಾದಿಸಿ ಸುಪ್ರೀಂ ಕೋರ್ಟಿನಲ್ಲಿ 5-4ರಿಂದ ಸೋತರು. ಮರುವರ್ಷ ಮಿಲಿಕನ್ ಪ್ರಕರಣ. ಡೆಟ್ರಾಯಿಟ್ ನಗರದ ಕಪ್ಪು ಮಕ್ಕಳನ್ನೂ ಸುತ್ತಲಿನ 53 ಉಪನಗರ ಡಿಸ್ಟ್ರಿಕ್ಟುಗಳ ಬಿಳಿಯ ಮಕ್ಕಳನ್ನೂ ಒಟ್ಟಿಗೆ ಓದಿಸುವ ಯೋಜನೆಯನ್ನು ನ್ಯಾಯಾಲಯ ಮತ್ತೆ 5-4ರಿಂದಲೇ ತಳ್ಳಿಹಾಕಿತು. ಉಪನಗರಗಳ ತಪ್ಪು ಸಾಬೀತಾಗದ ಹೊರತು ಡಿಸ್ಟ್ರಿಕ್ಟಿನ ಗಡಿ ದಾಟುವಂತಿಲ್ಲ ಎಂಬುದು ತೀರ್ಪಿನ ಸಾರ. ಭಿನ್ನಮತ ಬರೆದವರಲ್ಲಿ ತರ್ಗುಡ್ ಮಾರ್ಷಲ್ ಒಬ್ಬರು. ಇಪ್ಪತ್ತು ವರ್ಷ ಹಿಂದೆ, ಶಾಲೆಗಳಲ್ಲಿ ಬಣ್ಣದ ಬೇರ್ಪಡಿಕೆ ಸಂವಿಧಾನಕ್ಕೆ ವಿರುದ್ಧ ಎನಿಸಿದ ಬ್ರೌನ್ ಪ್ರಕರಣವನ್ನು ವಕೀಲರಾಗಿ ಗೆದ್ದವರು ಅವರೇ. ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಇದು. ಶಾಲೆಯ ಗಡಿಯನ್ನು ಮಗು ದಾಟುವಂತಿಲ್ಲ ಎಂದಾದ ಮೇಲೆ ಕುಟುಂಬವೇ ಗಡಿಯಾಚೆ ಮನೆ ಮಾಡಬೇಕಾಯಿತು. ಶಾಲೆಯ ಹೋರಾಟ ಮನೆಯ ಹೋರಾಟವಾದದ್ದು ಹೀಗೆ.

ಮನೆಯ ಹೋರಾಟ ಅಷ್ಟರಲ್ಲೇ ಷಿಕಾಗೊದಲ್ಲಿ ಶುರುವಾಗಿತ್ತು. 1966ರ ಬೇಸಿಗೆಯಲ್ಲಿ ಕಿಂಗ್ ಅಲ್ಲಿ ಮುಕ್ತ ವಸತಿಗಾಗಿ ಮೆರವಣಿಗೆ ನಡೆಸಿದರು. ಆಗಸ್ಟ್ 5ರಂದು ಮಾರ್ಕ್ವೆಟ್ ಪಾರ್ಕಿನಲ್ಲಿ ಅವರ ತಲೆಗೆ ಕಲ್ಲು ಬಿತ್ತು. ತಿಂಗಳ ಕೊನೆಗೆ ಮೇಯರ್, ವ್ಯಾಪಾರಸ್ಥರು, ಚರ್ಚಿನ ಮುಖಂಡರು ಎಲ್ಲ ಸೇರಿ ಒಪ್ಪಂದ ಮಾಡಿಕೊಂಡರು. ಅದರ ಫಲವಾಗಿ ಹುಟ್ಟಿದ್ದು ಲೀಡರ್‌ಶಿಪ್ ಕೌನ್ಸಿಲ್ ಫಾರ್ ಮೆಟ್ರೊಪಾಲಿಟನ್ ಓಪನ್ ಕಮ್ಯುನಿಟೀಸ್. ಒಪ್ಪಂದ ಕಾಗದದಲ್ಲೇ ಉಳಿಯಿತೆಂದು ಚಳವಳಿಯ ಬಹಳ ಮಂದಿಗೆ ನಿರಾಸೆಯಾಗಿತ್ತು. ಆದರೆ ಕೌನ್ಸಿಲ್ ನಲವತ್ತು ವರ್ಷ ಬದುಕಿತು. 1972ರಿಂದ ಇಪ್ಪತ್ತು ವರ್ಷ ಅದನ್ನು ನಡೆಸಿದವರು ಕೇಲ್ ವಿಲಿಯಮ್ಸ್. ಕ್ವೇಕರ್ ಸೇವಾಸಂಸ್ಥೆಯಲ್ಲಿ ಪಳಗಿ ಬಂದವರು. ಬ್ರೋಕರುಗಳ ಮೇಲೆ ದಾವೆ ಹೂಡುತ್ತಲೇ ಅದೇ ಬ್ರೋಕರುಗಳಿಗೆ ಕಾನೂನಿನ ತರಬೇತಿಯನ್ನೂ ಕೊಡಿಸುತ್ತಿದ್ದ ಸಂಸ್ಥೆ ಅದು.

ಕೌನ್ಸಿಲ್ಲಿನ ಹೆಸರು ಉಳಿದಿರುವುದು ಗೊಟ್ರೊ ಕಾರ್ಯಕ್ರಮದಿಂದ. ಡೊರೊತಿ ಗೊಟ್ರೊ ಷಿಕಾಗೊದ ಸರ್ಕಾರಿ ವಸತಿ ಸಮುಚ್ಚಯದಲ್ಲಿದ್ದ ತಾಯಿ, ನಿವಾಸಿಗಳ ಮುಂದಾಳು. ಸಮುಚ್ಚಯಗಳನ್ನು ಕಪ್ಪು ಬಡಾವಣೆಗಳಲ್ಲಷ್ಟೇ ಕಟ್ಟುವುದು ಸಂವಿಧಾನಕ್ಕೆ ವಿರುದ್ಧ ಎಂದು 1966ರಲ್ಲಿ ಆಕೆ ಮತ್ತು ಸಂಗಡಿಗರು ದಾವೆ ಹೂಡಿದರು. ವಕೀಲ ಅಲೆಕ್ಸಾಂಡರ್ ಪೊಲಿಕಾಫ್. 1976ರಲ್ಲಿ ಸುಪ್ರೀಂ ಕೋರ್ಟು, ಪರಿಹಾರವನ್ನು ನಗರದ ಗಡಿಯಾಚೆಗೂ ವಿಸ್ತರಿಸಬಹುದು ಎಂದು ಒಪ್ಪಿತು. ಡೊರೊತಿ 1968ರಲ್ಲೇ ತೀರಿಕೊಂಡಿದ್ದರು. 1998ರವರೆಗೆ ಸುಮಾರು 7 ಸಾವಿರ ಕುಟುಂಬಗಳು ಬಾಡಿಗೆಯ ಒಂದು ಪಾಲನ್ನು ಸರ್ಕಾರ ಕೊಡುವ ವೋಚರ್ ಹಿಡಿದು ಹೊಸ ಬಡಾವಣೆಗಳಿಗೆ ಹೋದವು, ಅರ್ಧಕ್ಕೂ ಹೆಚ್ಚು ಉಪನಗರಗಳಿಗೆ. ಮನೆ ಹುಡುಕಿಕೊಟ್ಟು, ಮನೆ ಮಾಲೀಕರನ್ನು ಒಪ್ಪಿಸಿ, ಹೊಸ ಶಾಲೆಗೆ ಹೆಸರು ಬರೆಸುವಾಗ ಜೊತೆಗಿದ್ದು ಈ ಕೆಲಸ ನಡೆಸಿದ್ದು ಕೌನ್ಸಿಲ್ಲಿನ ಸಿಬ್ಬಂದಿ. ಸಮಾಜವಿಜ್ಞಾನಿ ಜೇಮ್ಸ್ ರೋಸೆನ್‌ಬಾಮ್ ಮಕ್ಕಳನ್ನು ಹುಡುಕಿ ಮಾತಾಡಿಸಿದಾಗ, ನಗರದಲ್ಲೇ ಉಳಿದ ಮಕ್ಕಳಲ್ಲಿ ನೂರಕ್ಕೆ 21 ಮಂದಿ ಕಾಲೇಜು ಸೇರಿದ್ದರೆ ಉಪನಗರಕ್ಕೆ ಹೋದವರಲ್ಲಿ 54 ಮಂದಿ ಸೇರಿದ್ದರು. ಅವರು ಮಾತಾಡಿಸಿದ ಮಕ್ಕಳ ಗುಂಪು ಸಣ್ಣದು. ಆದರೂ ಆ ಅಂಕಿ ದೇಶದ ಗಮನ ಸೆಳೆಯಿತು.

ಸರ್ಕಾರ ಗೊಟ್ರೊ ಮಾದರಿಯನ್ನೇ ಐದು ನಗರಗಳಲ್ಲಿ ಪ್ರಯೋಗವಾಗಿ ಮಾಡಿತು. 1994ರಿಂದ 4,600 ಕುಟುಂಬಗಳನ್ನು ಚೀಟಿ ಎತ್ತಿ ಗುಂಪು ಮಾಡಿ, ಒಂದು ಗುಂಪಿಗೆ ಬಡತನ ಕಡಿಮೆ ಇರುವಲ್ಲಿಗೆ ಹೋಗಲು ವೋಚರ್ ಕೊಟ್ಟರು. ಮೊದಲ ಹದಿನೈದು ವರ್ಷದ ವರದಿಗಳು ನಿರಾಸೆ ತಂದವು: ತಾಯಂದಿರ ಆರೋಗ್ಯ, ಮನಸ್ಸಿನ ನೆಮ್ಮದಿ ಸುಧಾರಿಸಿತ್ತು, ದುಡಿಮೆ ಹೆಚ್ಚಿರಲಿಲ್ಲ, ಮಕ್ಕಳ ಅಂಕಗಳೂ ಏರಿರಲಿಲ್ಲ. 2015ರಲ್ಲಿ ರಾಜ್ ಚೆಟ್ಟಿ, ನೇಥನ್ ಹೆಂಡ್ರನ್, ಲಾರೆನ್ಸ್ ಕಾಟ್ಜ್ ಅದೇ ಮಕ್ಕಳ ಆದಾಯ ತೆರಿಗೆಯ ದಾಖಲೆ ಹಿಡಿದು ನೋಡಿದಾಗ ಚಿತ್ರ ಬದಲಾಯಿತು. ಹದಿಮೂರು ತುಂಬುವ ಮೊದಲೇ ಹೊಸ ಜಾಗಕ್ಕೆ ಹೋದ ಮಕ್ಕಳು ಇಪ್ಪತ್ತೈದರ ಆಸುಪಾಸಿನಲ್ಲಿ ಹಳೆಯ ಸಂಗಡಿಗರಿಗಿಂತ ಶೇಕಡ 31ರಷ್ಟು ಹೆಚ್ಚು ಗಳಿಸುತ್ತಿದ್ದರು. ಹದಿಮೂರು ದಾಟಿದ ಮೇಲೆ ಹೋದವರಿಗೆ ಆ ಲಾಭ ಸಿಕ್ಕಿರಲಿಲ್ಲ. ಇಂಥ ಸಂಸ್ಥೆ ನಡೆಸುವವರು ಈ ಅಧ್ಯಯನದಿಂದ ಕಲಿಯಬೇಕಾದದ್ದು ಬಹಳ ಇದೆ. ದಾನಿಗಳು ಮೂರು ವರ್ಷಕ್ಕೆ ಫಲ ತೋರಿಸಿ ಎನ್ನುತ್ತಾರೆ; ಈ ಮಕ್ಕಳ ಫಲ ಕಾಣಲು ಇಪ್ಪತ್ತು ವರ್ಷ ಬೇಕಾಯಿತು. ನಡುವೆ ಕೈಚೆಲ್ಲಿದ್ದರೆ ಕಾರ್ಯಕ್ರಮ ಸೋತಿತೆಂದೇ ಇತಿಹಾಸ ಬರೆಯುತ್ತಿತ್ತು.

ವೋಚರ್ ಕೈಗಿಟ್ಟರೆ ಸಾಲದು ಎಂಬುದನ್ನು ಸಿಯಾಟಲ್ ತೋರಿಸಿತು. ಅಲ್ಲಿನ ವಸತಿ ಸಂಸ್ಥೆಗಳು ಕೆಲವು ಕುಟುಂಬಗಳಿಗೆ ಮನೆ ಹುಡುಕಲು ಒಬ್ಬ ಸಹಾಯಕರನ್ನೂ, ಮುಂಗಡಕ್ಕೆ ಸ್ವಲ್ಪ ಹಣವನ್ನೂ ಕೊಟ್ಟು, ಮಾಲೀಕರ ಜೊತೆ ಮಾತಾಡುವ ಭಾರವನ್ನೂ ಹೊತ್ತವು. ಬರೀ ವೋಚರ್ ಪಡೆದವರಲ್ಲಿ ಶೇಕಡ 15ರಷ್ಟು ಕುಟುಂಬಗಳು ಅವಕಾಶ ಹೆಚ್ಚಿರುವ ಬಡಾವಣೆಗೆ ಹೋದರೆ, ಜೊತೆಗೆ ನೆರವು ಸಿಕ್ಕವರಲ್ಲಿ ಶೇಕಡ 53ರಷ್ಟು ಹೋದವು. ಬಡವರು ತಮ್ಮವರ ನಡುವೆಯೇ ಇರಲು ಇಷ್ಟಪಡುತ್ತಾರೆ ಎಂದು ಹೇಳಿಕೊಂಡು ಬಂದವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಇನ್ನು ಟೆಸ್ಟಿಂಗ್. ಇಂದಿಗೂ ಈ ಸಂಸ್ಥೆಗಳ ಮುಖ್ಯ ಆಯುಧ ಇದೇ. ಒಂದೇ ಆದಾಯ, ಒಂದೇ ಬಗೆಯ ನೌಕರಿ, ಒಂದೇ ಬೇಡಿಕೆ ಇರುವಂತೆ ಇಬ್ಬರನ್ನು ಸಜ್ಜುಗೊಳಿಸುತ್ತಾರೆ, ಒಬ್ಬರು ಕಪ್ಪು, ಒಬ್ಬರು ಬಿಳಿಯ. ಇಬ್ಬರೂ ಬೇರೆಬೇರೆಯಾಗಿ ಅದೇ ಮನೆ ವಿಚಾರಿಸಲು ಹೋಗುತ್ತಾರೆ. ಬಂದ ಮೇಲೆ ಒಬ್ಬರನ್ನೊಬ್ಬರು ಕೇಳದೆ ನಡೆದದ್ದನ್ನೆಲ್ಲ ಬರೆದುಕೊಡುತ್ತಾರೆ: ಯಾವ ಮನೆ ತೋರಿಸಿದರು, ಏನು ಬಾಡಿಗೆ ಹೇಳಿದರು, ಯಾವ ದಾಖಲೆ ಕೇಳಿದರು. ಈಗ ಯಾರೂ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವುದಿಲ್ಲ. ‘ನಿನ್ನೆ ತಾನೆ ಹೋಯಿತು’ ಎನ್ನುತ್ತಾರೆ, ಅಷ್ಟೆ. ಒಬ್ಬರಿಗೇ ಹೇಳಿದರೆ ಅದು ಸುಳ್ಳೆಂದು ಗೊತ್ತಾಗುವುದೇ ಇಲ್ಲ. ಇಬ್ಬರ ವರದಿ ಜೋಡಿಸಿದಾಗ ಗೊತ್ತಾಗುತ್ತದೆ. ವರ್ಜೀನಿಯಾದ ರಿಚ್ಮಂಡಿನಲ್ಲಿ ಹೌಸಿಂಗ್ ಆಪರ್ಚ್ಯುನಿಟೀಸ್ ಮೇಡ್ ಈಕ್ವಲ್ ಎಂಬ ಸಂಸ್ಥೆ ಹೀಗೆ ಹಿಡಿದ ಪ್ರಕರಣವೇ 1982ರ ಹೇವನ್ಸ್ ತೀರ್ಪಿಗೆ ದಾರಿಯಾಯಿತು. ಸುಳ್ಳು ಹೇಳಿಸಿಕೊಂಡ ಕಪ್ಪು ಟೆಸ್ಟರ್ ದಾವೆ ಹೂಡಬಹುದು, ತಾರತಮ್ಯದ ಬೆನ್ನುಹತ್ತಿ ತನ್ನ ಶ್ರಮ ಹಣ ವ್ಯಯಿಸಬೇಕಾಗಿ ಬಂದ ಸಂಸ್ಥೆಯೂ ದಾವೆ ಹೂಡಬಹುದು ಎಂದು ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು. ಅಮೆರಿಕದ ಸಮಾನ ವಸತಿ ಸಂಸ್ಥೆಗಳು ನಾಲ್ಕು ದಶಕ ನಿಂತದ್ದು ಈ ತೀರ್ಪಿನ ಮೇಲೆ.

ಮನೆಯ ಮಾತಿನಲ್ಲಿ ಶಾಲೆ ಹೇಗೆ ನುಸುಳುತ್ತದೆ ಎಂಬುದೂ ಟೆಸ್ಟಿಂಗಿನಿಂದಲೇ ಹೊರಬಿತ್ತು. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ನ್ಯೂಸ್‌ಡೇ ಪತ್ರಿಕೆ ಮೂರು ವರ್ಷ ರಹಸ್ಯವಾಗಿ ಪರೀಕ್ಷೆ ನಡೆಸಿ 2019ರ ನವೆಂಬರಿನಲ್ಲಿ ಪ್ರಕಟಿಸಿತು. ಕಪ್ಪು ಟೆಸ್ಟರುಗಳಿಗೆ ಶೇಕಡ 49 ಪರೀಕ್ಷೆಗಳಲ್ಲಿ, ಹಿಸ್ಪಾನಿಕರಿಗೆ ಶೇಕಡ 39ರಲ್ಲಿ, ಏಷ್ಯಾದವರಿಗೆ ಶೇಕಡ 19ರಲ್ಲಿ ಬೇರೆ ಬಗೆಯ ಉಪಚಾರ ಸಿಕ್ಕಿತ್ತು. ಬಣ್ಣದ ಮಾತು ಎತ್ತುವುದು ಕಾನೂನುಬಾಹಿರ ಎಂದು ಬ್ರೋಕರುಗಳಿಗೆ ಗೊತ್ತು. ಶಾಲೆಯ ಮಾತು ಎತ್ತುವುದಕ್ಕೆ ಅಷ್ಟು ಅಂಜಿಕೆಯಿಲ್ಲ. ಆ ಡಿಸ್ಟ್ರಿಕ್ಟ್ ನಿಮಗೆ ಹಿಡಿಸಲಿಕ್ಕಿಲ್ಲ ಎಂದರೆ ಹೇಳಬೇಕಾದದ್ದನ್ನೆಲ್ಲ ಹೇಳಿದಂತಾಗುತ್ತದೆ. ಇದನ್ನು ಓದುವ ಭಾರತೀಯರು ಆ 19 ಎಂಬ ಅಂಕಿಯ ಮುಂದೆ ಸ್ವಲ್ಪ ನಿಲ್ಲಬೇಕು. ನಾವು ಎರಡೂ ಕಡೆ ಇದ್ದೇವೆ: ಕೆಲವೊಮ್ಮೆ ತಡೆಯಲ್ಪಟ್ಟವರು, ಹಲವು ಸಲ ಆ ಸನ್ನೆಯನ್ನು ನಂಬಿ ಮನೆ ಕೊಂಡವರು.

ಬೆರೆತು ಬಾಳುವ ಊರನ್ನು ಉಳಿಸಿಕೊಳ್ಳುವುದು ಇನ್ನೊಂದು ಹಾದಿ. ಷಿಕಾಗೊದ ಆಸ್ಟಿನ್ ಬಡಾವಣೆ 1960ರ ಆಚೀಚೆ ಪೂರ್ತಿ ಬಿಳಿಯರದಾಗಿತ್ತು. ಇಪ್ಪತ್ತೇ ವರ್ಷದಲ್ಲಿ ಬಹುತೇಕ ಕಪ್ಪು ಜನರದಾಯಿತು. ಕಪ್ಪು ಜನ ಬರುತ್ತಿದ್ದಾರೆ, ಬೆಲೆ ಬೀಳುತ್ತದೆ ಎಂದು ಬ್ರೋಕರುಗಳೇ ಹೆದರಿಸಿ ಅಗ್ಗಕ್ಕೆ ಕೊಂಡು, ಕಪ್ಪು ಕುಟುಂಬಗಳಿಗೆ ದುಬಾರಿಗೆ ಮಾರುತ್ತಿದ್ದರು. ರಸ್ತೆ ದಾಟಿದರೆ ಓಕ್ ಪಾರ್ಕ್. ಅಲ್ಲಿ ಬಾಬಿ ರೇಮಂಡ್ ಎಂಬ ಮಹಿಳೆ 1972ರಲ್ಲಿ ಹೌಸಿಂಗ್ ಸೆಂಟರ್ ತೆರೆದರು. ಬಾಡಿಗೆ ಕೇಳಿ ಬಂದ ಬಿಳಿಯರಿಗೆ ಕಪ್ಪು ಜನ ಹೆಚ್ಚಿರುವ ಬೀದಿಯನ್ನೂ, ಕಪ್ಪು ಜನರಿಗೆ ಬಿಳಿಯರ ಬೀದಿಯನ್ನೂ ಎದುರು ಕೂತು ಪರಿಚಯಿಸಿ ಒಪ್ಪಿಸುವ ಕೆಲಸ. ಊರಾಡಳಿತ ಮನೆ ಬೆಲೆಗೆ ವಿಮೆಯನ್ನೂ ಮಾಡಿತು. ಪರಿಹಾರ ಕೊಡುವ ಸಂದರ್ಭವೇ ಒದಗಲಿಲ್ಲ. ಇಂದಿಗೂ ಓಕ್ ಪಾರ್ಕಿನಲ್ಲಿ ಐದರಲ್ಲೊಂದು ಪಾಲಿಗೆ ಸಮೀಪ ಕಪ್ಪು ಜನ, ಬಿಳಿಯರು ಓಡಿಹೋಗಲಿಲ್ಲ.

ಆದರೆ ಇದಕ್ಕೂ ಕಟುವಾದ ಆಕ್ಷೇಪಗಳಿವೆ, ಅವನ್ನು ತಳ್ಳಿಹಾಕುವಂತಿಲ್ಲ. ಬಿಳಿಯರಿಗೆ ಗಾಬರಿಯಾಗದಷ್ಟು ಮಾತ್ರ ಕಪ್ಪು ಜನ ಬರಲಿ ಎಂಬ ಲೆಕ್ಕ ಇದರ ಅಡಿಯಲ್ಲಿಲ್ಲವೆ? ನ್ಯೂಯಾರ್ಕಿನ ಸ್ಟಾರೆಟ್ ಸಿಟಿ ಸಮುಚ್ಚಯ ಬಣ್ಣದ ಮೇಲೆ ಕೋಟಾ ಇಟ್ಟು ಕಪ್ಪು ಅರ್ಜಿದಾರರನ್ನು ವರ್ಷಗಟ್ಟಲೆ ಕಾಯಿಸಿದ್ದನ್ನು 1988ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿತು. ನ್ಯೂಜೆರ್ಸಿಯ ವಿಲಿಂಗ್‌ಬರೊ ಊರು ಬಿಳಿಯರ ವಲಸೆ ತಡೆಯಲು ‘ಮನೆ ಮಾರಾಟಕ್ಕಿದೆ’ ಫಲಕಗಳನ್ನೇ ನಿಷೇಧಿಸಿದ್ದನ್ನು 1977ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಇನ್ನೂ ದೊಡ್ಡ ಕೊರತೆ ಶಾಲೆಯೊಳಗಿನದು. ಅದೇ ರಾಜ್ಯದ ಸೌತ್ ಆರೆಂಜ್ ಮತ್ತು ಮೇಪಲ್‌ವುಡ್ ಅವಳಿ ಊರುಗಳಲ್ಲಿ 1990ರ ದಶಕದ ಉತ್ತರಾರ್ಧದಿಂದ ಕಮ್ಯುನಿಟಿ ಕೊಯಲಿಷನ್ ಆನ್ ರೇಸ್ ಶ್ರದ್ಧೆಯಿಂದ ದುಡಿದು ಬೀದಿಗಳಲ್ಲಿ ಎಲ್ಲರೂ ಬೆರೆತಿರುವಂತೆ ನೋಡಿಕೊಂಡಿದೆ. ಆದರೂ 2018ರಲ್ಲಿ ಅಲ್ಲಿನ ಕಪ್ಪು ತಂದೆತಾಯಿಯರ ಸಂಘಟನೆ ಶಾಲಾ ಡಿಸ್ಟ್ರಿಕ್ಟಿನ ಮೇಲೆ ಮೊಕದ್ದಮೆ ಹೂಡಬೇಕಾಯಿತು: ಮೇಲ್ದರ್ಜೆಯ ಗಣಿತ, ವಿಜ್ಞಾನ ತರಗತಿಗಳಲ್ಲಿ ಬಿಳಿಯ ಮಕ್ಕಳು, ಕೆಳದರ್ಜೆಯವುಗಳಲ್ಲಿ ಕಪ್ಪು ಮಕ್ಕಳು, ಪ್ರಾಥಮಿಕ ಶಾಲೆಗಳಲ್ಲೂ ಬೇರ್ಪಡಿಕೆ. 2020ರಲ್ಲಿ ರಾಜಿಯಾಯಿತು. ಬೀದಿ ಬೆರೆತರೆ ತರಗತಿ ತಾನಾಗಿ ಬೆರೆಯುವುದಿಲ್ಲ. ಮನೆಯ ಕೆಲಸ ಮಾಡುವ ಸಂಸ್ಥೆ ಶಾಲಾ ಮಂಡಳಿಯ ಸಭೆಯಲ್ಲೂ ಕೂರಬೇಕು, ಯಾವ ಮಗುವನ್ನು ಯಾವ ತರಗತಿಗೆ ಹಾಕಿದ್ದಾರೆ ಎಂಬ ಪಟ್ಟಿ ಕೇಳಬೇಕು.

ಶಾಲೆಯ ಪ್ರಶ್ನೆಯಿಂದಲೇ ಹೊರಟವರ ಕಥೆ ಇನ್ನೂ ದೀರ್ಘ. 1966ರಲ್ಲಿ ರೂತ್ ಬ್ಯಾಟ್ಸನ್ ಮೊದಲಾದವರು ಬಾಸ್ಟನ್ನಿನಲ್ಲಿ ಮೆಟ್ಕೊ ಕಟ್ಟಿದರು. ಕಪ್ಪು ಮಕ್ಕಳು ಬಸ್ಸಿನಲ್ಲಿ ಉಪನಗರದ ಶಾಲೆಗಳಿಗೆ ಹೋಗತೊಡಗಿದರು. ಅದು ಇಂದಿಗೂ ನಡೆದಿದೆ. ಹಾರ್ಟ್‌ಫರ್ಡಿನಲ್ಲಿ 1989ರಲ್ಲಿ ಎಲಿಜಬೆತ್ ಹಾರ್ಟನ್ ಶೆಫ್ ಎಂಬ ತಾಯಿ, ನಾಲ್ಕನೇ ತರಗತಿಯಲ್ಲಿದ್ದ ಮಗ ಮೈಲೊನ ಹೆಸರಿನಲ್ಲಿ ಇತರರೊಂದಿಗೆ ದಾವೆ ಹೂಡಿದರು. ಫೆಡರಲ್ ಬಾಗಿಲು ಮಿಲಿಕನ್ನಿನಿಂದ ಮುಚ್ಚಿದ್ದರಿಂದ ಕನೆಕ್ಟಿಕಟ್ ರಾಜ್ಯದ ಸಂವಿಧಾನವನ್ನು ಹಿಡಿದರು. 1996ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ 4-3ರಿಂದ ಗೆದ್ದರು. ಗೆದ್ದದ್ದು ಸರಿ, ಮಾಡಬೇಕಾದದ್ದನ್ನು ಶಾಸಕಾಂಗಕ್ಕೆ ಬಿಟ್ಟಿತು ನ್ಯಾಯಾಲಯ. ಮೊದಲ ಒಪ್ಪಂದಕ್ಕೆ ಏಳು ವರ್ಷ. ಅಂತಿಮ ಒಪ್ಪಂದಕ್ಕೆ ನ್ಯಾಯಾಲಯದ ಮುದ್ರೆ ಬಿದ್ದದ್ದು 2022ರಲ್ಲಿ; ಅಷ್ಟರಲ್ಲಿ ಮೈಲೊ ನಲವತ್ತು ದಾಟಿದ್ದರು. ನಡುವಿನ ಮೂರು ದಶಕಗಳಲ್ಲಿ ಎದ್ದ, ನಗರ ಉಪನಗರಗಳೆರಡರಿಂದಲೂ ಮಕ್ಕಳನ್ನು ಸೆಳೆಯುವ ಮ್ಯಾಗ್ನೆಟ್ ಶಾಲೆಗಳು ಸಾವಿರಾರು ಮಕ್ಕಳನ್ನು ಒಟ್ಟಿಗೆ ಕೂರಿಸಿದವು. ತಂದೆತಾಯಿಯರು, ಶಿಕ್ಷಕರು, ವಕೀಲರು ಸೇರಿ ಶೆಫ್ ಮೂವ್‌ಮೆಂಟ್ ಎಂದು ಕಟ್ಟಿಕೊಂಡು ಪ್ರತಿ ಬಜೆಟ್ಟಿಗೂ ಶಾಸನಸಭೆಯ ಬಾಗಿಲು ತಟ್ಟಿರದಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ಇಲ್ಲಿ ಒಂದು ಕಷ್ಟದ ಪ್ರಶ್ನೆ. ಇಂಥ ಸಂಸ್ಥೆ ಯಾರ ಪರವಾಗಿ ಮಾತಾಡುತ್ತಿದೆ? ಡೆರಿಕ್ ಬೆಲ್, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಕಾನೂನು ನಿಧಿಯ ವಕೀಲರಾಗಿ ದಕ್ಷಿಣದ ನೂರಾರು ಶಾಲಾ ಪ್ರಕರಣಗಳನ್ನು ನೋಡಿಕೊಂಡವರು. 1976ರಲ್ಲಿ ಅವರೇ ಯೇಲ್ ಲಾ ಜರ್ನಲ್‌ನಲ್ಲಿ ಬರೆದ ಲೇಖನವೊಂದರಲ್ಲಿ, ಸಂಸ್ಥೆಯ ಗುರಿ ಮತ್ತು ಕಕ್ಷಿದಾರ ಕುಟುಂಬದ ಬಯಕೆ ಬೇರೆಯಾದಾಗ ವಕೀಲರು ಸಂಸ್ಥೆಯ ಕಡೆಗೇ ವಾಲುತ್ತಿದ್ದಾರೆ ಎಂದು ಎಚ್ಚರಿಸಿದರು. ತಂದೆತಾಯಿಗೆ ಬೇಕಿದ್ದದ್ದು ಒಳ್ಳೆಯ ಶಾಲೆ. ದಾನಿಗಳಿಗೂ ಮುಖ್ಯ ಕಚೇರಿಗೂ ಬೇಕಿದ್ದದ್ದು ಬಿಳಿಯ-ಕಪ್ಪು ಮಕ್ಕಳ ಸಮತೋಲನ. 1973ರ ಅಟ್ಲಾಂಟಾದಲ್ಲಿ ಈ ಬಿರುಕು ಬಯಲಿಗೆ ಬಂತು. ಅಲ್ಲಿನ ಎನ್‌ಎಎಸಿಪಿ ಮುಖಂಡ ಲಾನಿ ಕಿಂಗ್, ಬಸ್ಸಿನಲ್ಲಿ ಮಕ್ಕಳನ್ನು ಸಾಗಿಸುವ ಯೋಜನೆಯನ್ನು ಮೊಟಕುಗೊಳಿಸಲು ಒಪ್ಪಿ, ಬದಲಿಗೆ ಶಾಲಾಡಳಿತದ ಹುದ್ದೆಗಳನ್ನು ಕಪ್ಪು ಜನರಿಗೆ ದೊರಕಿಸಿದರು. ನಗರಕ್ಕೆ ಮೊದಲ ಕಪ್ಪು ಸೂಪರಿಂಟೆಂಡೆಂಟ್ ಬಂದರು. ರಾಷ್ಟ್ರೀಯ ಕಚೇರಿ ಲಾನಿ ಕಿಂಗ್ ಅವರನ್ನು ಅಮಾನತು ಮಾಡಿತು. ಅಟ್ಲಾಂಟಾದವರ ಅಂಜಿಕೆಗೆ ಆಧಾರವಿತ್ತು. ಬ್ರೌನ್ ತೀರ್ಪಿನ ನಂತರದ ಹತ್ತು ವರ್ಷಗಳಲ್ಲಿ ದಕ್ಷಿಣದ ಕಪ್ಪು ಶಾಲೆಗಳನ್ನು ಮುಚ್ಚಿದಾಗ ಸುಮಾರು 38 ಸಾವಿರ ಕಪ್ಪು ಶಿಕ್ಷಕರು, ಮುಖ್ಯೋಪಾಧ್ಯಾಯರು ಕೆಲಸ ಕಳೆದುಕೊಂಡರೆಂದು ಅಂದಾಜು.

ನಾನು ಈ ವಾದದಲ್ಲಿ ಬೆಲ್ ಅವರ ಎಚ್ಚರಿಕೆಯನ್ನು ಪೂರ್ತಿ ಒಪ್ಪುತ್ತೇನೆ, ಅದರಿಂದ ಬೇರ್ಪಡಿಕೆಯೇ ವಾಸಿ ಎಂಬ ತೀರ್ಮಾನಕ್ಕೆ ಹೋಗುವವರನ್ನು ಒಪ್ಪುವುದಿಲ್ಲ. ಗೊಟ್ರೊ ಕುಟುಂಬಗಳಾಗಲಿ ಸಿಯಾಟಲ್ಲಿನ ತಾಯಂದಿರಾಗಲಿ ಬಿಳಿಯರ ಪಕ್ಕ ಕೂರಲು ಹೋಗಲಿಲ್ಲ; ಭಯವಿಲ್ಲದ ಬೀದಿ, ಓದಿಸುವ ಶಾಲೆ ಹುಡುಕಿ ಹೋದರು. ಹೋಗುವ ಹಕ್ಕೂ ಇರಬೇಕು, ಇದ್ದಲ್ಲೇ ಉಳಿಯುವವರ ಶಾಲೆಗೆ ಹಣವೂ ಬೇಕು. ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಆ ತಾಯಂದಿರು ಕೂತಿದ್ದರೆ ಈ ಎರಡನ್ನೂ ಕೇಳುತ್ತಾರೆ. ವ್ಯಾಪಾರಸ್ಥರೂ ವಕೀಲರೂ ಮಾತ್ರ ಕೂತಿದ್ದರೆ ಒಂದನ್ನು ಆಯ್ದುಕೊಳ್ಳುತ್ತಾರೆ.

ತಾಳ್ಮೆಯ ಅತಿ ದೊಡ್ಡ ಉದಾಹರಣೆ ನ್ಯೂಜೆರ್ಸಿಯ ಮೌಂಟ್ ಲಾರೆಲ್. ಎತೆಲ್ ಲಾರೆನ್ಸ್ ಎಂಬ ಕಪ್ಪು ಮಹಿಳೆಯ ಮನೆತನ ಆ ಊರಿನಲ್ಲಿ ತಲೆಮಾರುಗಳಿಂದ ಇತ್ತು. 1970ರಲ್ಲಿ ಕಡಿಮೆ ಬಾಡಿಗೆಯ 36 ಮನೆ ಕಟ್ಟಿಕೊಳ್ಳುತ್ತೇವೆಂದು ಕೇಳಿದಾಗ, ಇಲ್ಲಿ ಬದುಕುವ ಶಕ್ತಿ ಇಲ್ಲದವರು ಊರು ಬಿಡಬೇಕಾಗುತ್ತದೆ ಎಂದು ಮೇಯರ್ ಚರ್ಚಿನಲ್ಲಿ ನಿಂತು ಹೇಳಿದರು. ಪೀಟರ್ ಓಕಾನರ್ ಮತ್ತಿತರ ಯುವ ವಕೀಲರ ನೆರವಿನಿಂದ ದಾವೆ ನಡೆಯಿತು. 1975ರಲ್ಲೂ 1983ರಲ್ಲೂ ರಾಜ್ಯದ ಸುಪ್ರೀಂ ಕೋರ್ಟು, ಪ್ರತಿ ಊರೂ ಕಡಿಮೆ ಆದಾಯದವರ ಮನೆಗಳಿಗೆ ತನ್ನ ಪಾಲಿನ ಜಾಗ ಕೊಡಬೇಕು ಎಂದಿತು. ಓಕಾನರ್ 1975ರಲ್ಲಿ ಫೇರ್ ಷೇರ್ ಹೌಸಿಂಗ್ ಸೆಂಟರ್ ಸ್ಥಾಪಿಸಿದರು. ಎತೆಲ್ 1994ರಲ್ಲಿ ತೀರಿಕೊಂಡರು. ಅವರ ಹೆಸರಿನ 140 ಮನೆಗಳಿಗೆ ಮೊದಲ ಕುಟುಂಬಗಳು ಬಂದದ್ದು 2000ದ ಕೊನೆಗೆ. ಸಮಾಜವಿಜ್ಞಾನಿ ಡಗ್ಲಸ್ ಮೆಸ್ಸಿ ಮತ್ತು ಸಂಗಡಿಗರು ಹತ್ತು ವರ್ಷದ ನಂತರ ಹೋಗಿ ನೋಡಿದಾಗ, ಅಕ್ಕಪಕ್ಕದ ಮನೆ ಬೆಲೆ ಬಿದ್ದಿರಲಿಲ್ಲ, ಅಪರಾಧ ಹೆಚ್ಚಿರಲಿಲ್ಲ, ತೆರಿಗೆ ಏರಿರಲಿಲ್ಲ. ಬಂದ ಕುಟುಂಬಗಳ ದುಡಿಮೆ ಸುಧಾರಿಸಿತ್ತು, ಮಕ್ಕಳು ಹೆಚ್ಚು ಹೊತ್ತು ಓದುತ್ತಿದ್ದರು. ವಿರೋಧಿಸಿದ ನೆರೆಯವರಲ್ಲಿ ಅನೇಕರಿಗೆ ಆ ಮನೆಗಳು ಅಲ್ಲಿವೆ ಎಂಬುದೇ ಗೊತ್ತಿರಲಿಲ್ಲ. ಊರುಗಳ ಪಾಲನ್ನು ನಿಗದಿ ಮಾಡಬೇಕಾದ ರಾಜ್ಯದ ಮಂಡಳಿ ಕೈಕಟ್ಟಿ ಕೂತಾಗ ಫೇರ್ ಷೇರ್ ಮತ್ತೆ ನ್ಯಾಯಾಲಯಕ್ಕೆ ಹೋಯಿತು. 2015ರಲ್ಲಿ ಗೆದ್ದು 300ಕ್ಕೂ ಹೆಚ್ಚು ಊರುಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. 2018ರಲ್ಲಿ ರಾಜ್ಯದ ಶಾಲಾ ಬೇರ್ಪಡಿಕೆಯ ವಿರುದ್ಧವೂ ಲ್ಯಾಟಿನೊ ಆ್ಯಕ್ಷನ್ ನೆಟ್‌ವರ್ಕ್, ಎನ್‌ಎಎಸಿಪಿ ಮೊದಲಾದವು ಸೇರಿ ದಾವೆ ಹೂಡಿವೆ. ಶಾಲೆಗಳಲ್ಲಿ ಬಣ್ಣದ ಬೇರ್ಪಡಿಕೆ ಕೂಡದು ಎಂದು ಆ ರಾಜ್ಯದ ಸಂವಿಧಾನದಲ್ಲಿ 1947ರಿಂದಲೂ ಬರೆದಿದೆ.

ಇಷ್ಟು ಕಾಲ ನಿಲ್ಲುವ ಸಂಸ್ಥೆಗಳು ಕಡಿಮೆ ಎಂದೆ. ಕಾರಣ ಬಹುಮಟ್ಟಿಗೆ ಹಣ. ನಿರ್ದೇಶಕರ ಸಮಯವೆಲ್ಲ ದತ್ತಿ ಪ್ರತಿಷ್ಠಾನಗಳಿಗೆ ಅರ್ಜಿ ಬರೆಯುವುದರಲ್ಲಿ, ಫೆಡರಲ್ ಅನುದಾನದ ಲೆಕ್ಕ ಒಪ್ಪಿಸುವುದರಲ್ಲಿ ಹೋಗುತ್ತದೆ. ದಾವೆ ಗೆದ್ದಾಗ ಬರುವ ಹಣ ಯಾವಾಗ ಬರುತ್ತದೋ ಹೇಳಲಾಗದು. ಷಿಕಾಗೊದ ಲೀಡರ್‌ಶಿಪ್ ಕೌನ್ಸಿಲ್ ಹಣ ಬತ್ತಿ 2006ರಲ್ಲಿ ಬಾಗಿಲು ಮುಚ್ಚಿತು. ಆಗ ಷಿಕಾಗೊದಲ್ಲಿ ತಾರತಮ್ಯ ಮುಗಿದಿರಲಿಲ್ಲ. ಡಾಲಸ್ಸಿನ ಇನ್‌ಕ್ಲೂಸಿವ್ ಕಮ್ಯುನಿಟೀಸ್ ಪ್ರಾಜೆಕ್ಟ್ 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ದೊಡ್ಡ ತತ್ವವನ್ನೇ ಗೆದ್ದಿತು: ಉದ್ದೇಶ ಸಾಬೀತಾಗದಿದ್ದರೂ ಪರಿಣಾಮದಲ್ಲಿ ತಾರತಮ್ಯವಿದ್ದರೆ ಪ್ರಶ್ನಿಸಬಹುದು ಎಂದು. ಪ್ರಕರಣ ಕೆಳಗಿನ ನ್ಯಾಯಾಲಯಕ್ಕೆ ಮರಳಿ ಹೋದಾಗ ಮರುವರ್ಷ ಅದೇ ಸಂಸ್ಥೆ ಸೋತಿತು.

ಈಗಿನ ಗಾಳಿ ಇನ್ನೂ ಬಿರುಸು. 2023ರಲ್ಲಿ ದೇಶದಲ್ಲಿ ದಾಖಲಾದ 34 ಸಾವಿರಕ್ಕೂ ಹೆಚ್ಚು ವಸತಿ ತಾರತಮ್ಯದ ದೂರುಗಳಲ್ಲಿ ನಾಲ್ಕರಲ್ಲಿ ಮೂರು ಪಾಲನ್ನು ನಿಭಾಯಿಸಿದ್ದು ಖಾಸಗಿ ಸಂಸ್ಥೆಗಳೇ. ಅರ್ಧಕ್ಕೂ ಹೆಚ್ಚು ದೂರುಗಳು ಅಂಗವಿಕಲರವು. ಬಣ್ಣಕ್ಕಾಗಿ ಹೋರಾಡಿ ಪಡೆದ ಕಾಯ್ದೆ ಯಾರನ್ನೆಲ್ಲ ಕಾಯುತ್ತಿದೆ ಎಂದು ಇದರಿಂದ ತಿಳಿಯುತ್ತದೆ. 2024ರಲ್ಲಿ ಬೇರೊಂದು ವಿಷಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಂಸ್ಥೆಯೊಂದು ತಾನೇ ಹಣ ಖರ್ಚು ಮಾಡಿದ ಕಾರಣಕ್ಕೆ ದಾವೆ ಹೂಡುವ ಹಕ್ಕು ಪಡೆಯುವುದಿಲ್ಲ ಎಂದು, ಹೇವನ್ಸ್ ತೀರ್ಪಿನ ವ್ಯಾಪ್ತಿಯನ್ನು ಕಿರಿದುಮಾಡಿತು. 2025ರ ಫೆಬ್ರವರಿ ಕೊನೆಗೆ ಫೆಡರಲ್ ವಸತಿ ಇಲಾಖೆ ಹತ್ತಾರು ಸಮಾನ ವಸತಿ ಸಂಸ್ಥೆಗಳ ಅನುದಾನವನ್ನು ಪತ್ರ ಕಳಿಸಿ ರದ್ದು ಮಾಡಿತು. ಅವುಗಳಲ್ಲಿ ಕೆಲವು ನ್ಯಾಯಾಲಯದ ಮೊರೆ ಹೋದವು. ಊರುಗಳು ಬೇರ್ಪಡಿಕೆಯನ್ನು ತಾವಾಗಿ ನಿವಾರಿಸಬೇಕೆಂಬ 2015ರ ನಿಯಮ ಆಡಳಿತ ಬದಲಾದಂತೆಲ್ಲ ಹೋಗಿ ಬಂದು ಮತ್ತೆ ಹೋಯಿತು. ಸರ್ಕಾರದ ದುಡ್ಡನ್ನೇ ನೆಚ್ಚಿ ಸರ್ಕಾರದ ಕೆಲಸ ಮಾಡಿಕೊಟ್ಟ ಸಂಸ್ಥೆಗಳಿಗೆ ಇದು ಅತಿ ಕಷ್ಟದ ಕಾಲ. ಸ್ಥಳೀಯರ ಸಣ್ಣ ಸಣ್ಣ ವಂತಿಗೆಯಿಂದ, ಚರ್ಚುಗಳಿಂದ, ಸದಸ್ಯರ ಚಂದಾದಿಂದ ಸ್ವಲ್ಪವಾದರೂ ಬಲ ಕೂಡಿಟ್ಟುಕೊಂಡವು ಮಾತ್ರ ಮುಂದಿನ ಹತ್ತು ವರ್ಷ ದಾಟಬಲ್ಲವು ಎಂದು ನನ್ನ ಎಣಿಕೆ.

ನಮ್ಮವರು ಆ ದೇಶಕ್ಕೆ ದೊಡ್ಡ ಸಂಖ್ಯೆಯಲ್ಲಿ ಹೋಗಲು ಬಾಗಿಲು ತೆರೆದದ್ದು 1965ರ ವಲಸೆ ಕಾಯ್ದೆ. ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿ ದೇಶದ ಮನಸ್ಸನ್ನು ಬದಲಿಸಿರದಿದ್ದರೆ ಆ ಕಾಯ್ದೆ ಬರುತ್ತಿರಲಿಲ್ಲ. ಭಾರತೀಯರು ಕಿಕ್ಕಿರಿದಿರುವ ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್ ಊರು ಕಡಿಮೆ ಆದಾಯದವರ ಮನೆಗಳಿಗೆ ಜಾಗ ಕೊಡದ್ದಕ್ಕೆ 2002ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಸೋತ ಊರು. 2024ರಲ್ಲಿ ಬಂದ ಹೊಸ ಕಾನೂನಿನ ಪ್ರಕಾರ ಆ ರಾಜ್ಯದ ಊರುಗಳೆಲ್ಲ 2035ರವರೆಗಿನ ತಮ್ಮ ಪಾಲಿನ ಮನೆಗಳಿಗೆ ಯೋಜನೆ ಮಾಡಿ ಜಾರಿಗೆ ತರಬೇಕಾಗಿದೆ. ಅದಕ್ಕಾಗಿ ಪ್ಲಾನಿಂಗ್ ಬೋರ್ಡಿನ ಸಭೆಗಳು ಸಾರ್ವಜನಿಕವಾಗಿ ನಡೆಯುತ್ತವೆ, ಯಾರು ಬೇಕಾದರೂ ಎದ್ದು ಮಾತಾಡಬಹುದು. ಶಾಲೆ ತುಂಬಿಹೋಗುತ್ತದೆ, ಮನೆ ಬೆಲೆ ಬೀಳುತ್ತದೆ ಎಂದು ವಿರೋಧಿಸುವವರು ಅಲ್ಲಿಗೆ ತಪ್ಪದೆ ಬರುತ್ತಾರೆ. ಅಲ್ಲಿರುವ ಕನ್ನಡಿಗರೇ, ನಿಮ್ಮ ಊರಿನ ಮುಂದಿನ ಸಭೆಗೆ ಹೋಗಿ, ಆ ಮನೆಗಳು ಬೇಕು ಎಂದು ಹೇಳಿ ಬನ್ನಿ.